ಹಿಂದೆ ಕೋಳಿ ಕೂಗಿದರೂ ಹಾಡು ಹಾಡೇ

ಹೋದ ವಾರ ಆಲೆಮನೆಯ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿ ಹಲವರು ನಿಮ್ಮ ನಿಮ್ಮ ಬೆಲ್ಲದ ನೆನಪು ಬರೆದು ಕಳಿಸಿದ್ದೀರಿ. ಸಂತೋಷ. ಈ ವಾರ ಬೆಲ್ಲದ ಡಬ್ಬಗಳನ್ನು ಇಟ್ಟಿರುವ ನಮ್ಮ ಮನೆಯ ಶೆಡ್ಡಿಗೇ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಕಿವಿಗೆ ಸ್ವಲ್ಪ ಹತ್ತಿ ಇಟ್ಟುಕೊಂಡೇ ಬನ್ನಿ.

ಮಂಡ್ಯದ ನಮ್ಮ ಮನೆಯಲ್ಲಿ ಕಾರ್ ಶೆಡ್ ಇದೆ, ಕಾರು ಇಲ್ಲ. ಅಲ್ಲಿರುವುದು ನನ್ನ ಹಳೆಯ ಸ್ಕೂಟರ್, ಎರಡು ಮೂಟೆ ರಾಗಿ, ಬೆಲ್ಲದ ಡಬ್ಬಗಳು ಮತ್ತು ಯಾರೂ ಎಸೆಯಲು ಒಪ್ಪದ ಒಂದು ಮುರುಕಲು ತೊಟ್ಟಿಲು. ಕಳೆದ ಜೂನ್‌ನಿಂದ ಪ್ರತಿ ಭಾನುವಾರ ಇದರ ಮಧ್ಯೆ ನಾಲ್ವರು ಮಕ್ಕಳು ಸೇರುತ್ತಾರೆ. ಮೊದಲನೇ ಪಿಯುಸಿ ಓದುವ ನನ್ನ ಮೊಮ್ಮಗಳು, ಅವಳ ಮೂವರು ಗೆಳೆಯರು. ಒಂದು ಗಿಟಾರ್, ನಾಲ್ಕು ಕೀಗಳು ಕೆಲಸ ಮಾಡದ ಒಂದು ಕೀಬೋರ್ಡ್, ಡ್ರಮ್ಮಿನ ಬದಲು ಪೇಂಟಿನ ಖಾಲಿ ಬಕೆಟ್. ಸ್ಕೂಟರಿನ ಹ್ಯಾಂಡಲ್‌ಗೆ ಕಟ್ಟಿದ ಮೊಬೈಲೇ ರೆಕಾರ್ಡಿಂಗ್ ಯಂತ್ರ.

ಮೊದಲ ಭಾನುವಾರವೇ ಅಕ್ಕಪಕ್ಕದ ಮನೆಗಳಿಂದ ಎರಡು ದೂರು ಬಂದವು. ಮೂರನೆಯದು ಅಡುಗೆಮನೆಯಿಂದ. ‘ರೀ, ಹೋಗಿ ಆ ಮಕ್ಕಳಿಗೆ ಸ್ವಲ್ಪ ಹೇಳ್ರೀ.’

ಹೋದೆ. ಹೇಳಿದೆ. ‘ಮೊದಲು ಸರಿಯಾಗಿ ಕಲೀರಮ್ಮ. ಆಮೇಲೆ ಒಳ್ಳೆ ಸ್ಟುಡಿಯೋಗೆ ಹೋಗಿ ಹಾಡಿ. ಈ ಫೋನಲ್ಲಿ ಹಾಡಿಗಿಂತ ಗುಂಯ್ ಅನ್ನೋದೇ ಜಾಸ್ತಿ ಕೇಳ್ಸುತ್ತೆ.’

‘ತಾತಾ, ನಮ್ದು ಗ್ಯಾರೇಜ್ ಬ್ಯಾಂಡು. ರೆಕಾರ್ಡಿಂಗು ಲೋ-ಫೈ. ಗುಂಯ್ ಅನ್ನೋದೂ ಇರ್ಬೇಕು’ ಅಂದಳು ಮೊಮ್ಮಗಳು.

ನನಗೆ ಗೊತ್ತಿದ್ದದ್ದು ಹೈ-ಫೈ ಒಂದೇ. ನೋಟ್‌ಬುಕ್ಕು, ಪೆನ್ನು ತಂದು ರಾಗಿ ಮೂಟೆಯ ಮೇಲೆ ಕೂತೆ. ‘ಒಂದೊಂದೇ ಹೇಳು, ಬರ್ಕೋತೀನಿ’ ಅಂದೆ. ಅವಳು ಹೇಳಿದ್ದನ್ನೂ ಆಮೇಲೆ ನಾನೇ ಓದಿ, ಕೇಳಿ ತಿಳಿದದ್ದನ್ನೂ ಸೇರಿಸಿ ನಿಮಗೆ ಒಪ್ಪಿಸುತ್ತೇನೆ.

ಗ್ಯಾರೇಜ್ ರಾಕ್ ಎಂಬ ಹೆಸರು ಬಂದದ್ದು 1960ರ ದಶಕದ ಅಮೆರಿಕದ ಹುಡುಗರಿಂದ. ಅವರು ಅಭ್ಯಾಸ ಮಾಡುತ್ತಿದ್ದದ್ದು ಮನೆಯ ಕಾರ್ ಶೆಡ್ಡಿನಲ್ಲಿ. ಮೂರು ಪಟ್ಟು ಗೊತ್ತಿದ್ದರೆ ಸಾಕು, ಹಾಡು ಶುರು. 1963ರಲ್ಲಿ ಪೋರ್ಟ್‌ಲೆಂಡ್ ಊರಿನಲ್ಲಿ ಕಿಂಗ್ಸ್‌ಮೆನ್ ಎಂಬ ತಂಡ ‘ಲೂಯಿ ಲೂಯಿ’ ಎಂಬ ಹಾಡನ್ನು ರೆಕಾರ್ಡ್ ಮಾಡಿತು. ಮೈಕು ಮೇಲೆ ನೇತಾಡುತ್ತಿತ್ತು, ಗಾಯಕ ಕತ್ತೆತ್ತಿ ಕೂಗಬೇಕಾಯಿತು. ನಡುವೆ ಒಂದು ಕಡೆ ಅವನು ಅವಸರಪಟ್ಟು ಮುಂಚೆಯೇ ಬಾಯಿ ತೆರೆದು, ತಪ್ಪು ತಿಳಿದು ನಿಲ್ಲಿಸಿದ್ದೂ ಹಾಗೇ ಉಳಿದಿದೆ. ಮಾತು ಒಂದೂ ಸ್ಪಷ್ಟವಿಲ್ಲ. ಇದರಲ್ಲಿ ಕೆಟ್ಟ ಮಾತು ಇರಬಹುದೆಂದು ತಂದೆತಾಯಿಯರು ದೂರು ಕೊಟ್ಟರು. ಅಮೆರಿಕದ ಎಫ್‌ಬಿಐ ತನಿಖೆ ನಡೆಸಿತು. ಎಷ್ಟು ವೇಗದಲ್ಲಿ ತಿರುಗಿಸಿ ಕೇಳಿದರೂ ಏನು ಹಾಡುತ್ತಿದ್ದಾರೆಂದು ಅವರಿಗೂ ತಿಳಿಯಲಿಲ್ಲ! ನಮ್ಮ ಶೆಡ್ಡಿಗೆ ಬಂದದ್ದು ಎರಡೇ ದೂರು ಅಂತ ಸಮಾಧಾನ ಮಾಡಿಕೊಂಡೆ.

ಲೋ-ಫೈ ಅಂದರೆ ಕಡಿಮೆ ಸಲಕರಣೆಯಲ್ಲಿ, ಮನೆಯಲ್ಲೋ ಕೋಣೆಯಲ್ಲೋ ಹಿಡಿದ ಹಾಡು. ಟೇಪಿನ ‘ಸ್ಸ್’ ಶಬ್ದ, ಕುರ್ಚಿ ಕಿರುಗುಟ್ಟುವುದು, ಎಲ್ಲ ಅದರೊಳಗೇ ಇರುತ್ತದೆ. ಆ ‘ಸ್ಸ್’ ಎಲ್ಲಿಂದ ಬರುತ್ತದೆ ಗೊತ್ತೇ ಮಕ್ಕಳೇ? ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟಿನ ಟೇಪು ಬಹಳ ಕಿರಿದು, ಸೆಕೆಂಡಿಗೆ ಐದು ಸೆಂಟಿಮೀಟರೂ ಓಡುವುದಿಲ್ಲ. ದೊಡ್ಡ ಸ್ಟುಡಿಯೋದ ಅಗಲ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿತ್ತು. ಚಿಕ್ಕ ಕಾಗದದ ಮೇಲೆ ಒತ್ತೊತ್ತಾಗಿ ಬರೆದರೆ ಕಾಗದದ ತರಿಯೂ ಅಕ್ಷರದ ಜೊತೆ ಕಾಣುತ್ತದಲ್ಲ, ಹಾಗೆ. 1982ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಹೆಸರಾಂತ ಗಾಯಕ ಮನೆಯಲ್ಲೇ ಕೂತು ಇಂಥ ಕ್ಯಾಸೆಟ್ಟಿನಲ್ಲಿ ಹಾಡುಗಳ ಕರಡು ಮಾಡಿಕೊಂಡ. ಆಮೇಲೆ ಸ್ಟುಡಿಯೋದಲ್ಲಿ ತಂಡದ ಜೊತೆ ಅವನ್ನೇ ಹಾಡಿ ನೋಡಿದ. ಜೀವ ಬರಲಿಲ್ಲ. ಕೊನೆಗೆ ಆ ಕರಡನ್ನೇ ‘ನೆಬ್ರಾಸ್ಕಾ’ ಎಂಬ ಆಲ್ಬಮ್ಮಾಗಿ ಹೊರತಂದ.

ಇನ್ನು ಇಂಡಿ. ಇದು ಇಂಡಿಯಾದ ಇಂಡಿ ಅಲ್ಲ, ಇಂಡಿಪೆಂಡೆಂಟ್‌ನ ಇಂಡಿ. ದೊಡ್ಡ ಕಂಪನಿಯ ಕೈ ಹಿಡಿಯದೆ, ಸಿನಿಮಾಕ್ಕೂ ಕಾಯದೆ ತಮ್ಮ ಹಾಡನ್ನು ತಾವೇ ಮಾಡಿಕೊಳ್ಳುವವರು. ಇಂಥವರು ನಮ್ಮ ಪಕ್ಕದಲ್ಲೇ ಇದ್ದಾರೆ ಎಂಬುದು ನನಗೆ ಹೊಸ ವಿಷಯ. ಬೆಂಗಳೂರಿನಲ್ಲಿ 1996ರಲ್ಲಿ ಶುರುವಾದ ಒಂದು ತಂಡದ ಹೆಸರು ‘ಥರ್ಮಲ್ ಅಂಡ್ ಎ ಕ್ವಾರ್ಟರ್’. ಮೂವರು ಮಲಯಾಳಿಗಳು, ಕಾಲು ಭಾಗ ಮಲಯಾಳಿಯಾದ ಇನ್ನೊಬ್ಬ, ಒಟ್ಟು ಮೂರೂಕಾಲು ಎಂಬ ತಮಾಷೆ ಆ ಹೆಸರಿನಲ್ಲಿದೆಯಂತೆ. ಲೆಕ್ಕದವನಾದ ನನಗೆ ಹೆಸರೇ ಹಿಡಿಸಿತು, ಆಮೇಲೆ ಹಾಡು. ‘ಪರವಾಜ್’ ಎಂಬ ಇನ್ನೊಂದು ತಂಡ ಬೆಂಗಳೂರಿನಲ್ಲಿದ್ದುಕೊಂಡು ಉರ್ದು, ಕಾಶ್ಮೀರಿಯಲ್ಲಿ ಹಾಡುತ್ತದೆ. ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಆದರೂ ಮಳೆ ಬರುವಾಗ ಮೂರು ಸಲ ಕೇಳಿದೆ. ‘ಸ್ವರಾತ್ಮ’ದ ವಾಸು ದೀಕ್ಷಿತ್ ವೇದಿಕೆಯ ಮೇಲೆ ನಮ್ಮ ಜಾತ್ರೆಯ ಕೀಲುಕುದುರೆ ಕಟ್ಟಿಕೊಂಡು ಕುಣಿಯುವುದನ್ನು ಕಂಡು ನನ್ನವಳೂ ಬಂದು ಪಕ್ಕದಲ್ಲಿ ಕೂತಳು.

ಇದೆಲ್ಲ ಈಗಿನದು ಎಂದುಕೊಂಡಿದ್ದೆ. ಅದೂ ತಪ್ಪು. 1970 ಮತ್ತು 71ರಲ್ಲಿ ಒಂದು ಸಿಗರೇಟು ಕಂಪನಿ ತನ್ನ ಪ್ರಚಾರಕ್ಕಾಗಿ ‘ಸಿಮ್ಲಾ ಬೀಟ್’ ಎಂಬ ಸ್ಪರ್ಧೆ ನಡೆಸಿ, ದೇಶದ ಬೇರೆ ಬೇರೆ ಊರಿನ ಹುಡುಗರ ತಂಡಗಳ ಹಾಡುಗಳನ್ನು ಎರಡು ತಟ್ಟೆಗಳಲ್ಲಿ ತಂದಿತ್ತು. ಶಿಲ್ಲಾಂಗಿನ ಫೆಂಟೋನ್ಸ್, ಮದರಾಸಿನ ಕನ್‌ಫ್ಯೂಷನ್ಸ್ ಅಂಥವರು ಅದರಲ್ಲಿದ್ದರು. ಮುಂದೆ ಇಲ್ಲಿ ಎಲ್ಲರೂ ಮರೆತರು. ಪರದೇಶದ ಸಂಗ್ರಾಹಕರು ಆ ತಟ್ಟೆಗಳನ್ನು ಹುಡುಕಿ, ಮತ್ತೆ ಅಚ್ಚು ಹಾಕಿಸಿ ಉಳಿಸಿದರು. ಆಗ ನಾನು ಮೈಸೂರಿನಲ್ಲಿ ಬಿ.ಕಾಂ. ಓದುತ್ತಿದ್ದೆ. ನನ್ನ ವಯಸ್ಸಿನ ಹುಡುಗರು ಹೀಗೆ ಹಾಡುತ್ತಿದ್ದರೆಂದು ತಿಳಿಯಲು ನನಗೆ ಐವತ್ತು ವರ್ಷಕ್ಕೂ ಮೇಲೆ ಬೇಕಾಯಿತು.

ಹಾಗಾದರೆ ಇಂಥ ತಂಡಗಳನ್ನು ಹುಡುಕುವುದು ಹೇಗೆ? ಗುಮಾಸ್ತನ ಬುದ್ಧಿಯಿಂದ ನಾನು ಮಾಡಿಕೊಂಡ ಪದ್ಧತಿ ಇದು. ಮಕ್ಕಳು ಮನೆಯ ದೊಡ್ಡವರ ಜೊತೆ ಕೂತು ಮಾಡಿ.

ಒಂದು, ಇಷ್ಟವಾದ ಒಂದು ತಂಡದಿಂದ ಶುರು ಮಾಡಿ. ಅವರ ಕಾರ್ಯಕ್ರಮದಲ್ಲಿ ಅವರಿಗಿಂತ ಮೊದಲು ಹಾಡಿದವರು ಯಾರು, ಅವರ ಜೊತೆ ತಬಲಾನೋ ಪಿಟೀಲೋ ನುಡಿಸಿದವರು ಯಾರು ನೋಡಿ. ದಾರಿ ಅಲ್ಲಿಂದ ಕವಲೊಡೆಯುತ್ತದೆ. ಎರಡು, ಎಷ್ಟು ಲಕ್ಷ ಜನ ಕೇಳಿದ್ದಾರೆಂಬ ಅಂಕಿಯನ್ನು ಕೈಯಿಂದ ಮುಚ್ಚಿಕೊಂಡು ಕೇಳಿ. ಇದನ್ನು ಹೇಳುತ್ತಿರುವವನು ಜೀವಮಾನವಿಡೀ ಅಂಕಿ ನಂಬಿ ಬದುಕಿದವನು. ಮೂರು, ಒಂದು ಹಾಡಿಗೆ ಮೂರು ಅವಕಾಶ ಕೊಡಿ. ಮೊದಲ ಸಲ ಶಬ್ದ ಕೇಳುತ್ತದೆ, ಎರಡನೇ ಸಲ ತಾಳ, ಮೂರನೇ ಸಲ ಹಾಡು. ನಾಲ್ಕು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಂಡದ ಹೆಸರು, ಊರು, ಏನು ಹಿಡಿಸಿತು. ಐದು, ಹಿಡಿಸಿದರೆ ಬಾಕಿ ತೀರಿಸಿ. ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ಹಾಡಿನವರಿಂದಲೇ ನೇರವಾಗಿ ಹಾಡು ಕೊಳ್ಳಬಹುದು. ದುಡ್ಡಿಲ್ಲದಿದ್ದರೆ ಇನ್ನೊಬ್ಬರಿಗೆ ಹೇಳಿ, ಅದೂ ಜಮಾನೇ.

ಒಂದು ದಿನ ಮೊಮ್ಮಗಳು, ‘ತಾತಾ, ನಿನ್ ಹಳೇ ಕ್ಯಾಸೆಟ್ ಕೊಡು, ಆ ಸ್ಸ್ ಶಬ್ದ ನಮ್ಮ ಹಾಡಿಗೆ ಬೇಕು’ ಅಂದಳು. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್‌ಗಳು ಮೇಲೇ ಇದ್ದವು. ಮಳವಳ್ಳಿ ಕಡೆಯ ನೀಲಗಾರರು ತಂಬೂರಿ, ದಮ್ಮಡಿ, ತಾಳ ಹಿಡಿದು ನಾಲ್ಕೈದು ಜನ ಸೇರಿ ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುವುದನ್ನು ಅವಳಿಗೆ ಹೇಳಿದೆ. ‘ಹಂಗಾದ್ರೆ ಅವರ್ದೂ ಬ್ಯಾಂಡೇ’ ಅಂದಳು. ಇಲ್ಲವೆನ್ನಲು ನನಗೆ ಕಾರಣ ಸಿಗಲಿಲ್ಲ.

ಪೆಟ್ಟಿಗೆಯ ತಳದಲ್ಲಿದ್ದ ಒಂದು ಕ್ಯಾಸೆಟ್ ಎತ್ತಿ, ‘ಇದೇನು ತಾತಾ?’ ಅಂದಳು. ಮೇಲೆ ನನ್ನದೇ ಅಕ್ಷರ. ‘ಅವ್ವನ ಹಾಡು’ ಎಂದು ಬರೆದು, ಅದನ್ನು ಸ್ಕೇಲಿಟ್ಟು ಹೊಡೆದುಹಾಕಿ, ಕೆಳಗೆ ‘ಚಿತ್ರಗೀತೆ’ ಎಂದು ಬರೆದಿತ್ತು. ಹೊಡೆದ ಕಡೆ ಚಿಕ್ಕ ಸಹಿ ಬೇರೆ. ಲೆಡ್ಜರಿನಲ್ಲಿ ತಿದ್ದುಪಡಿ ಮಾಡಿದರೆ ಪಕ್ಕದಲ್ಲಿ ಸಹಿ ಹಾಕಬೇಕು, ಆ ಅಭ್ಯಾಸ.

ಹೇಳಲೇಬೇಕಾಯಿತು. 1981ರಲ್ಲಿ ನಾನು ಮಳವಳ್ಳಿ ಶಾಖೆಯಲ್ಲಿದ್ದೆ. ಸಹೋದ್ಯೋಗಿಯೊಬ್ಬರ ಟೇಪ್ ರೆಕಾರ್ಡರ್ ಎರವಲು ತಂದು, ಊರಿಗೆ ಹೋಗಿ ಅವ್ವನ ಸೋಬಾನೆ, ರಾಗಿ ಬೀಸುವ ಪದಗಳನ್ನು ಹಿಡಿದೆ. ಹಿತ್ತಿಲಲ್ಲಿ ಕೋಳಿ ಕೂಗಿತು, ಎಮ್ಮೆ ಅರಚಿತು, ಪಕ್ಕದ ಮನೆಯ ಮಗು ಅತ್ತಿತು. ಅವ್ವ ಎರಡು ಸಲ ಕೆಮ್ಮಿದಳು. ಮನೆಗೆ ಬಂದು ಕೇಳಿ, ರೆಕಾರ್ಡಿಂಗ್ ಕೆಟ್ಟಿದೆ, ಇನ್ನೊಮ್ಮೆ ಚೆನ್ನಾಗಿ ಮಾಡೋಣ ಅಂದುಕೊಂಡೆ. ಹೊಸ ಕ್ಯಾಸೆಟ್ಟಿಗೆ ದುಡ್ಡು ಯಾಕೆಂದು ಮರುವರ್ಷ ಅದರ ಮೇಲೇ ರೇಡಿಯೋದ ಸಿನಿಮಾ ಹಾಡು ತುಂಬಿಸಿದೆ. ಇನ್ನೊಮ್ಮೆ ಮಾಡುವ ದಿನ ಬರಲಿಲ್ಲ. 1986ರಲ್ಲಿ ಅವ್ವ ಹೋದಳು.

ಮೊಮ್ಮಗಳು ಏನೂ ಅನ್ನಲಿಲ್ಲ. ಗೆಳೆಯನೊಬ್ಬನ ಮನೆಯಿಂದ ಟೇಪ್ ರೆಕಾರ್ಡರ್ ತಂದು ಎರಡೂ ಬದಿ ಕೊನೆವರೆಗೆ ಓಡಿಸಿದಳು. ಎಲ್ಲಾದರೂ ತುದಿಯಲ್ಲಿ ಒಂದು ತುಣುಕು ಉಳಿದಿರಬಹುದೆಂದು. ಹೊಸದನ್ನು ಬರೆಯುವ ಮುಂಚೆ ಹಳೆಯದನ್ನು ಪೂರ್ತಿ ಒರೆಸಲೆಂದೇ ಆ ಯಂತ್ರದಲ್ಲಿ ಬೇರೆ ಹೆಡ್ ಇರುತ್ತದೆ. ಅದು ತನ್ನ ಕೆಲಸ ಚೆನ್ನಾಗಿ ಮಾಡಿತ್ತು. ಸಿನಿಮಾ ಹಾಡು ಮುಗಿದ ಮೇಲೆ ಬರೀ ‘ಸ್ಸ್’.

ಈಗ ಆ ಕೋಳಿ, ಎಮ್ಮೆ, ಕೆಮ್ಮು ಸಮೇತ ಒಂದು ನಿಮಿಷ ಸಿಕ್ಕಿದರೆ ನನ್ನ ಪಿಂಚಣಿ ಕೊಟ್ಟೇನು. ಅವ್ವನ ಹಾಡಿಗೆ ಅಂಟಿದ ಕೊಳೆ ಅಂತ ನಾನು ತಿಳಿದದ್ದು ಅವಳ ಮನೆಯೇ ಆಗಿತ್ತು.

ಮಾರನೆಯ ಭಾನುವಾರ ನಾವಿಬ್ಬರೂ ರೈಲು ಹತ್ತಿ ಮದ್ದೂರಿಗೆ ಹೋದೆವು. ವಡೆಗಾಗಿ ಅಲ್ಲ, ಅದನ್ನೂ ತಿಂದೆವು ಅನ್ನಿ. ಅಲ್ಲಿ ನನ್ನ ಅಕ್ಕ ಇದ್ದಾಳೆ, ಎಂಬತ್ತೆರಡು ವರ್ಷ. ಅವ್ವನ ಪದಗಳೆಲ್ಲ ಅವಳಿಗೆ ಬರುತ್ತವೆ.

‘ಸುಮ್ಕಿರ್ಲಾ, ಗಂಟ್ಲೇ ಹೋಗದೆ. ಯಾರ್ ಕೇಳಾರು ಇದ್ನ?’ ಅಂದಳು.

‘ನಾನ್ ಕೇಳ್ತೀನಿ ಅಜ್ಜಿ’ ಅಂದಳು ಮೊಮ್ಮಗಳು. ಫೋನನ್ನು ಒರಳಿಗೆ ಒರಗಿಸಿ ಇಟ್ಟಳು. ನಾನು ಅಭ್ಯಾಸಬಲದಿಂದ ಕಿಟಕಿ ಮುಚ್ಚಲು ಎದ್ದೆ. ‘ತಾತಾ, ಬಿಡು’ ಅಂದಳು. ಕೂತೆ. ಏಳು ಪದ ಹಾಡಿದಳು ಅಕ್ಕ. ಮೂರನೆಯದರ ನಡುವೆ ರೈಲು ಹೋಯಿತು, ಐದನೆಯದರಲ್ಲಿ ಕುಕ್ಕರ್ ಕೂಗಿತು, ಆರನೆಯದರಲ್ಲಿ ಒಂದು ಸಾಲು ಮರೆತು ಅಕ್ಕ ತಾನೇ ನಕ್ಕಳು. ಎಲ್ಲವೂ ಇದೆ.

ಓದುಗರೇ, ಈ ವಾರ ನಿಮಗೆ ಎರಡು ಕೆಲಸ. ಯಾರೂ ಹೆಚ್ಚು ಕೇಳದ ಒಂದು ತಂಡವನ್ನು ಹುಡುಕಿ, ಮೂರು ಸಲ ಕೇಳಿ, ನನಗೆ ಬರೆಯಿರಿ. ಮನೆಯಲ್ಲಿ ಹಾಡು ಬರುವ ಹಿರಿಯರಿದ್ದರೆ ಇಂದೇ ಫೋನಿನಲ್ಲಿ ಹಿಡಿದಿಡಿ. ಒಳ್ಳೆಯ ಮೈಕು ಬರಲಿ ಎಂದು ಕಾಯಬೇಡಿ.

ನಮ್ಮ ಶೆಡ್ಡಿನ ತಂಡ ಮೊನ್ನೆ ತನ್ನ ಮೊದಲ ಹಾಡನ್ನು ಹೊರಬಿಟ್ಟಿದೆ. ಇವತ್ತಿನವರೆಗೆ ಕೇಳಿದವರು ಮೂವತ್ತೊಂದು ಜನ, ದೂರು ಕೊಟ್ಟ ಪಕ್ಕದ ಮನೆಯವರೂ ಸೇರಿ. ಮದ್ದೂರಿನ ಅಕ್ಕನಿಗೂ ಫೋನಿನಲ್ಲಿ ಕೇಳಿಸಿದೆ. ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: ‘ಆ ಬಕೀಟು ಬಡಿಯೋನು ಯಾರ್ಲಾ? ಕೈ ಚೆಂದಾಗದೆ.’