ಹೊರತು ಎಂಬ ಮಾತು

ಒಬ್ಬ ರೈತನಿಗೆ ನಾಲ್ಕು ಎಕರೆ ಜಮೀನು ಇದೆಯೆಂದೂ ಅದರ ಮೂಲೆಯಲ್ಲಿ ಒಂದು ಬಾವಿ ಇದೆಯೆಂದೂ ಭಾವಿಸೋಣ. ಜಮೀನನ್ನು ಮಾರಲು ಒಪ್ಪಿದ ಆತನು ಬಾವಿಯನ್ನು ಮಾತ್ರ ತನಗೇ ಉಳಿಸಿಕೊಳ್ಳಬಯಸುತ್ತಾನೆ. 'ಬಾವಿಯನ್ನು ಬಿಟ್ಟು ಜಮೀನನ್ನೆಲ್ಲ ಕೊಡುತ್ತೇನೆ' ಎಂಬ ಆತನ ಮಾತನ್ನು ಇಂಗ್ಲಿಷ್ ಬಲ್ಲ ನೆರೆಯವನೊಬ್ಬನು ಪತ್ರಕ್ಕೆ ಇಳಿಸುತ್ತಾನೆ. ಇಳಿಸುವಾಗ 'ಬಿಟ್ಟು' ಎಂಬುದಕ್ಕೆ 'ಬಿಸೈಡ್ಸ್' ಎಂಬ ಪದವನ್ನು ಬಳಸುತ್ತಾನೆ. ಪತ್ರವನ್ನು ಓದಿದವನ ಪಾಲಿಗೆ ಬಾವಿಯೂ ಬಂದಿತು, ಜಮೀನೂ ಬಂದಿತು. ಈ ಪ್ರಸಂಗವು ಕಲ್ಪಿತವಾದರೂ ತಪ್ಪು ಕಲ್ಪಿತವಲ್ಲ. ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಅದು ಮತ್ತೆ ಮತ್ತೆ ತಲೆದೋರುತ್ತದೆ.

ಇಂಗ್ಲಿಷ್ ಪರಭಾಷೆಯಾದುದರಿಂದ ಇಂಥ ತಪ್ಪುಗಳು ಸಹಜವೆಂದು ಹೇಳಿ ಸುಮ್ಮನಾಗುವವರುಂಟು. ನನಗೆ ಈ ಸಮಾಧಾನ ಒಪ್ಪಿಗೆಯಾಗುವುದಿಲ್ಲ. ತಪ್ಪಿನ ಬೇರು ಇರುವುದು ಇಂಗ್ಲಿಷಿನಲ್ಲಲ್ಲ. ನಮ್ಮ ಮಾತನ್ನು ನಾವು ಗಮನಿಸದಿರುವುದರಲ್ಲಿ. 'ಸೋಮವಾರ ಬಿಟ್ಟು ಉಳಿದ ದಿನಗಳಲ್ಲೆಲ್ಲ ಗ್ರಂಥಾಲಯ ತೆರೆದಿರುತ್ತದೆ' ಎನ್ನುತ್ತೇವೆ. 'ಸಂಬಳ ಬಿಟ್ಟು ಹೊಲದ ಆದಾಯವೂ ಅವರಿಗುಂಟು' ಎಂದೂ ಎನ್ನುತ್ತೇವೆ. ಮೊದಲನೆಯ ವಾಕ್ಯದಲ್ಲಿ ಸೋಮವಾರವು ಲೆಕ್ಕದಿಂದ ಹೊರಗೆ ಹೋಯಿತು. ಎರಡನೆಯದರಲ್ಲಿ ಸಂಬಳವು ಲೆಕ್ಕದೊಳಗೇ ಉಳಿದು ಅದರ ಮೇಲೆ ಇನ್ನೊಂದು ಸೇರಿತು. 'ಬಿಟ್ಟು' ಎಂಬ ಪದ ಒಂದೇ, ಅದು ಮಾಡಿದ ಕೆಲಸ ಮಾತ್ರ ಎರಡು. ಕನ್ನಡದಲ್ಲಿ ಈ ಭೇದವನ್ನು ಕಾಯುವವು 'ಉಳಿದ', 'ಎಲ್ಲ', 'ಊ' ಎಂಬ ಸಣ್ಣ ಮಾತುಗಳು. ಅವು ಇರುವುದರಿಂದ ನಮಗೆ ಎಲ್ಲಿಯೂ ಗೊಂದಲವಾಗುವುದಿಲ್ಲ. ಇಂಗ್ಲಿಷಾದರೋ ಈ ಕಾವಲಿನ ಕೆಲಸವನ್ನು ಎರಡು ಬೇರೆ ಪದಗಳಿಗೆ ಹಂಚಿಕೊಟ್ಟಿದೆ: ತೆಗೆದುಹಾಕಲು 'ಎಕ್ಸೆಪ್ಟ್', ಕೂಡಿಸಿಕೊಳ್ಳಲು 'ಬಿಸೈಡ್ಸ್'. ನಮ್ಮ 'ಬಿಟ್ಟು' ಎಂಬುದರಂತೆ ಎರಡು ಕಡೆಗೂ ಸಲ್ಲುವ 'ಅಪಾರ್ಟ್ ಫ್ರಮ್' ಎಂಬ ಮಾತು ಆ ಭಾಷೆಯಲ್ಲಿಯೂ ಇದೆ. ಆದರೆ ಸಂಶಯಕ್ಕೆ ಎಡೆಯಿರುವಲ್ಲಿ ಅದನ್ನು ನೆಚ್ಚಬಾರದು.

'ಎಕ್ಸೆಪ್ಟ್' ಎಂಬುದರ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಹೊರಗೆ ತೆಗೆಯುವುದು ಎಂದು ಅದರ ಅರ್ಥ. ನಮ್ಮ 'ಹೊರತು' ಎಂಬುದರಲ್ಲಿಯೂ 'ಹೊರ' ಎಂಬುದೇ ಇದೆಯಷ್ಟೆ. ದೂರದ ಎರಡು ಭಾಷೆಗಳು ಒಂದೇ ಚಿತ್ರವನ್ನು ಕಂಡಿರುವುದು ಸಂತೋಷದ ಸಂಗತಿ. ಗುಂಪಿನಿಂದ ಅದೇ ಜಾತಿಯ ಒಂದನ್ನು ತೆಗೆಯುವಾಗ 'ಎಕ್ಸೆಪ್ಟ್' ಸಾಕು. ಹತ್ತು ಹುಡುಗರಲ್ಲಿ ಒಬ್ಬನನ್ನು, ಏಳು ದಿನಗಳಲ್ಲಿ ಒಂದನ್ನು ಹೀಗೆ ತೆಗೆಯಬಹುದು. ಪ್ರಬಂಧವು ಚೆನ್ನಾಗಿದೆ, ಕಾಗುಣಿತವೊಂದು ಸರಿಯಿಲ್ಲ ಎಂದು ಹೇಳಬೇಕಾದರೆ ಮಾತು ಬೇರೆಯಾಗುತ್ತದೆ. ಕಾಗುಣಿತವು ಪ್ರಬಂಧಗಳ ಗುಂಪಿಗೆ ಸೇರಿದುದಲ್ಲ. ಅಲ್ಲಿ 'ಎಕ್ಸೆಪ್ಟ್ ಫಾರ್' ಬರಬೇಕು. ವಾಕ್ಯದ ಆರಂಭದಲ್ಲಿ ನಾಮಪದದ ಹಿಂದೆ ಬರುವುದೂ ಸಾಮಾನ್ಯವಾಗಿ ಅದೇ. ಸ್ವೀಕರಿಸು ಎಂಬ ಅರ್ಥದ 'ಆಕ್ಸೆಪ್ಟ್' ನಮ್ಮ ಬಾಯಲ್ಲಿ ಇದರಂತೆಯೇ ಕೇಳಿಸುವುದರಿಂದ ಬರೆಯುವಾಗ ಮೊದಲಕ್ಷರದ ಮೇಲೆ ಕಣ್ಣಿಡಬೇಕು.

ಹೆಚ್ಚಿನ ತೊಡಕು ಇರುವುದು 'ಅನ್‌ಲೆಸ್' ಎಂಬ ಪದದಲ್ಲಿ. ಇಲ್ಲಿ ನಮ್ಮ ಕನ್ನಡವೇ ಒಂದು ವಿನೋದವನ್ನು ಮಾಡಿದೆ. 'ಮಳೆ ಬಂದ ಹೊರತು ಬಿತ್ತನೆಯಾಗದು' ಎನ್ನುತ್ತೇವೆ. 'ಮಳೆ ಬಾರದ ಹೊರತು ಬಿತ್ತನೆಯಾಗದು' ಎಂದೂ ಎನ್ನುತ್ತೇವೆ. ಒಂದರಲ್ಲಿ ಮಳೆ ಬಂದಿದೆ, ಇನ್ನೊಂದರಲ್ಲಿ ಬಂದಿಲ್ಲ; ಅರ್ಥ ಮಾತ್ರ ಒಂದೇ! ತರ್ಕವನ್ನು ಹಿಡಿದು ನೋಡಿದರೆ ಮೊದಲನೆಯದೇ ಸರಿ. ಆದರೆ ಎರಡನೆಯದನ್ನು ಕೇಳಿ ಯಾವ ರೈತನೂ ಮೋಸಹೋದುದಿಲ್ಲ. ರೂಢಿಯು ಅದನ್ನು ಒಪ್ಪಿಕೊಂಡಿದೆ. ಇಂಗ್ಲಿಷಿನ ರೂಢಿ ಹಾಗೆ ಒಪ್ಪುವುದಿಲ್ಲ. 'ಅನ್‌ಲೆಸ್' ಎಂಬುದರ ಹೊಟ್ಟೆಯಲ್ಲಿಯೇ 'ಇಲ್ಲ' ಎಂಬುದು ಅಡಗಿದೆ. 'ಅನ್‌ಲೆಸ್ ಯು ಡೋಂಟ್ ವರ್ಕ್ ಹಾರ್ಡ್, ಯು ವಿಲ್ ನಾಟ್ ಪಾಸ್' ಎಂದು ವಿದ್ಯಾರ್ಥಿಯೊಬ್ಬನು ಬರೆದರೆ, ಎರಡು 'ಇಲ್ಲ'ಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಕಷ್ಟಪಟ್ಟು ಓದಿದರೆ ತೇರ್ಗಡೆಯಾಗುವುದಿಲ್ಲ ಎಂಬ ವಿಪರೀತ ಉಪದೇಶವು ಉಳಿಯುತ್ತದೆ. 'ಡೋಂಟ್' ಎಂಬುದನ್ನು ತೆಗೆದರೆ ವಾಕ್ಯವು ಸರಿಹೋಗುತ್ತದೆ.

ಇಂಥ ಪದಗಳನ್ನು ಪಟ್ಟಿಮಾಡಿ ಬಾಯಿಪಾಠ ಮಾಡಿಸುವ ಪದ್ಧತಿಯಿಂದ ಪ್ರಯೋಜನ ಅಲ್ಪ. ಪಟ್ಟಿಯು ಪರೀಕ್ಷೆಯವರೆಗೆ ನೆನಪಿನಲ್ಲಿದ್ದೀತು, ಪತ್ರ ಬರೆಯುವಾಗ ಒದಗಲಾರದು. ಮೊದಲು ಹತ್ತಾರು ಕನ್ನಡ ವಾಕ್ಯಗಳನ್ನು ಮುಂದಿಟ್ಟುಕೊಂಡು, 'ಬಿಟ್ಟು', 'ಅಲ್ಲದೆ', 'ಹೊರತು' ಎಂಬವು ಎಲ್ಲಿ ತೆಗೆಯುತ್ತವೆ, ಎಲ್ಲಿ ಕೂಡಿಸುತ್ತವೆ ಎಂದು ವಿಂಗಡಿಸುವುದು ಮೇಲು. ಕನ್ನಡದ ಅವಧಿಯಲ್ಲಿ ಮಾಡಿದ ಈ ಕೆಲಸವು ಇಂಗ್ಲಿಷಿನ ಅವಧಿಯಲ್ಲಿ ಫಲ ಕೊಡುತ್ತದೆ. ಎರಡು ಭಾಷೆಗಳ ಅಧ್ಯಾಪಕರು ಒಂದೇ ಕೊಠಡಿಯಲ್ಲಿ ಕುಳಿತು ಇದನ್ನು ಮಾಡಿಸುವುದಾದರೆ ಇನ್ನೂ ಒಳಿತು.

ಇದು ಬರಿಯ ವ್ಯಾಕರಣದ ಸೂಕ್ಷ್ಮವೆಂದು ಯಾರಾದರೂ ಹೇಳುವುದಾದರೆ, ಅವರು ನಮ್ಮ ಸಂವಿಧಾನದ 21ನೆಯ ವಿಧಿಯನ್ನು ನೋಡಬೇಕು. ಕಾನೂನು ಗೊತ್ತುಪಡಿಸಿದ ಕ್ರಮದಿಂದ ಹೊರತು ಯಾರ ಪ್ರಾಣವನ್ನಾಗಲಿ ದೈಹಿಕ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳಬಾರದೆಂಬುದು ಅದರ ತಾತ್ಪರ್ಯ. ಅದರ ಇಂಗ್ಲಿಷ್ ಪಾಠದಲ್ಲಿರುವುದು ಇದೇ 'ಎಕ್ಸೆಪ್ಟ್'. ಆ ಪದದ ಹಿಂದಿನ ಮಾತೆಲ್ಲ ನಮ್ಮ ರಕ್ಷಣೆ. ಮುಂದಿನದು ಸರ್ಕಾರಕ್ಕೆ ಬಿಟ್ಟ ಬಾಗಿಲು. ಆ ಬಾಗಿಲು ಎಷ್ಟು ಅಗಲವೆಂಬುದನ್ನು ಕುರಿತು ಸರ್ವೋಚ್ಚ ನ್ಯಾಯಾಲಯದಲ್ಲಿ ದೀರ್ಘ ವಾದಗಳು ನಡೆದಿವೆ. 1950ರಲ್ಲಿ ಎ. ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ, ಶಾಸನವು ಒಂದು ಕ್ರಮವನ್ನು ವಿಧಿಸಿದ್ದರೆ ಸಾಕು ಎಂಬ ಅಭಿಪ್ರಾಯಕ್ಕೆ ಬಹುಮತ ದೊರೆಯಿತು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, ಆ ಕ್ರಮವು ನ್ಯಾಯಯುತವೂ ಯುಕ್ತವೂ ಆಗಿರಬೇಕೆಂದು ತೀರ್ಪಾಯಿತು. ವಿಧಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. 'ಹೊರತು' ಎಂಬುದರ ಆಚೆಗಿನ ಬಾಗಿಲು ಮಾತ್ರ ಕಿರಿದಾಯಿತು.