ಒಂದು ದಿನದ ನೆರೆ, ಒಂದು ಬಾಳಿನ ತೀರ್ಪು

ಕಾಶಿಗೆ ಹೋಗಿಬಂದ ಕನ್ನಡಿಗರಲ್ಲಿ ಅನೇಕರಿಗೆ ಕೇದಾರ ಘಾಟ್ ಪರಿಚಿತ. ಕೆಂಪು-ಬಿಳಿ ಪಟ್ಟೆ ಬಳಿದ ಮೆಟ್ಟಿಲುಗಳು, ಮೇಲೆ ಕೇದಾರೇಶ್ವರನ ಗುಡಿ, ಕೆಳಗೆ ಗೌರಿ ಕುಂಡ. ದಕ್ಷಿಣಕ್ಕೆ ನಾಲ್ಕು ಹೆಜ್ಜೆ ನಡೆದರೆ ಹರಿಶ್ಚಂದ್ರ ಘಾಟ್, ಅದರ ಪಕ್ಕದಲ್ಲೇ ಹಿಂದೆ ಮೈಸೂರು ಘಾಟ್ ಎನಿಸಿಕೊಂಡಿದ್ದ ಕರ್ನಾಟಕ ಘಾಟ್. ಜನವರಿಯಲ್ಲಿ ಹೋದವರು ಹತ್ತಾರು ಮೆಟ್ಟಿಲು ಇಳಿದು ನೀರು ಮುಟ್ಟುತ್ತಾರೆ. ನೆರೆಯ ಆಗಸ್ಟ್‌ನಲ್ಲಿ ಹೋದವರಿಗೆ ಮೆಟ್ಟಿಲುಗಳೇ ಕಾಣುವುದಿಲ್ಲ. ವಾರಾಣಸಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್. 1978ರ ಸೆಪ್ಟೆಂಬರ್‌ನಲ್ಲಿ ನೀರು 73.901 ಮೀಟರ್‌ಗೆ ಏರಿತ್ತು. ಅದೇ ಇಂದಿಗೂ ದಾಖಲೆ.

ಈ ಸಂಖ್ಯೆಯನ್ನು ಎರಡು ಬಗೆಯಲ್ಲಿ ತಪ್ಪಾಗಿ ಓದಬಹುದು. ಗಂಗೆ ಸದಾ ಅಷ್ಟೇ ಎತ್ತರಕ್ಕೆ ಹರಿಯುತ್ತಾಳೆ ಎಂದು ತಿಳಿಯುವುದು ಒಂದು. ಅದೊಂದು ಆಕಸ್ಮಿಕ, ಲೆಕ್ಕಕ್ಕೆ ಬೇಡ ಎಂದುಕೊಂಡು ನೀರಂಚಿನಲ್ಲಿ ಮನೆ ಕಟ್ಟುವುದು ಇನ್ನೊಂದು. ಆ ದಡದಲ್ಲಿ ಬದುಕುವವರು ಇವೆರಡನ್ನೂ ಒಪ್ಪಲಾರರು. ನದಿ ಎಲ್ಲಿಯವರೆಗೆ ಏರಬಲ್ಲದು ಎಂಬುದು ಒಂದು ತಿಳಿವಳಿಕೆ, ದಿನನಿತ್ಯ ಎಲ್ಲಿರುತ್ತದೆ ಎಂಬುದು ಬೇರೆ ತಿಳಿವಳಿಕೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ.

ಯುವ ಆಟಗಾರರ ವಿಷಯ ಬಂದಾಗ ಮಾತ್ರ ಈ ವಿವೇಕ ಎಲ್ಲೋ ಮಾಯವಾಗುತ್ತದೆ. ಋತುವಿಡೀ ತಡವರಿಸಿದ ಬ್ಯಾಸ್ಕೆಟ್‌ಬಾಲ್ ಹುಡುಗನೊಬ್ಬ ಪ್ಲೇಆಫ್‌ನ ಒಂದು ರಾತ್ರಿ ಎಲ್ಲರನ್ನೂ ಬೆರಗುಗೊಳಿಸುತ್ತಾನೆ. ಬೆಳಗಾಗುವುದರೊಳಗೆ ಎರಡು ಪಕ್ಷಗಳು ಸಿದ್ಧ. ‘ಕೊನೆಗೂ ಅವನ ನಿಜರೂಪ ಹೊರಬಂತು’ ಎನ್ನುವವರು ಒಂದು ಕಡೆ, ‘ಹುಣಸೆ ಕಾಯಿಗೆ ಕಲ್ಲು ಬಿದ್ದ ಹಾಗೆ, ಅಷ್ಟೇ’ ಎನ್ನುವವರು ಇನ್ನೊಂದು ಕಡೆ. ಎರಡೂ ಪಕ್ಷಗಳು ಜಗಳವಾಡುತ್ತಿವೆ ಎಂದು ತೋರಿದರೂ ಮೂಲಭೂತ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿದೆ: ಒಂದು ರಾತ್ರಿಯ ಮೇಲೆ ತೀರ್ಪು ಕೊಡಬಹುದು, ಕೊಡಲೇಬೇಕು, ಅದೂ ಇವತ್ತೇ. ತಪ್ಪಿರುವುದು ಆ ಒಮ್ಮತದಲ್ಲಿ. ಅಚ್ಚರಿಯ ಆಟಕ್ಕೆ ಸಲ್ಲಬೇಕಾದದ್ದು ತೀರ್ಪಲ್ಲ, ಇನ್ನಷ್ಟು ಪಂದ್ಯಗಳು. ಪಂದ್ಯ ಕೊಡುವ ಅಧಿಕಾರ ಕೈಯಲ್ಲಿಟ್ಟುಕೊಂಡವರು ಅದನ್ನು ಕೊಡದೆ, ವರ್ಷಗಳ ನಂತರ ‘ಅವನು ಉಳಿಯಲಿಲ್ಲ’ ಎಂದು ಷರಾ ಬರೆಯುವುದು ವಿಶ್ಲೇಷಣೆಯಲ್ಲ, ಅನ್ಯಾಯ.

ಆರು ಎಸೆತ ಮತ್ತು 381 ಎಸೆತ

ಮೊದಲು ಸರಳ ಲೆಕ್ಕ. ದೂರದಿಂದ ಎಸೆದ ಮೂರು ಚೆಂಡುಗಳಲ್ಲಿ ಒಂದನ್ನು ಬುಟ್ಟಿಗೆ ಹಾಕುವ ಸಾಧಾರಣ ಆಟಗಾರನೊಬ್ಬ ಪಂದ್ಯಕ್ಕೆ ಆರು ಬಾರಿ ಎಸೆಯುತ್ತಾನೆ ಎಂದಿಟ್ಟುಕೊಳ್ಳಿ. ಆರಕ್ಕೆ ಐದು ಅಥವಾ ಆರೂ ಬೀಳುವ ಸಾಧ್ಯತೆ 729ರಲ್ಲಿ 13. ಅಂದರೆ ಸುಮಾರು 56 ಪಂದ್ಯಗಳಿಗೊಮ್ಮೆ ಅವನು ದೇವರಂತೆ ಆಡುತ್ತಾನೆ, ಅವನ ಕೌಶಲದಲ್ಲಿ ಎಳ್ಳಷ್ಟೂ ಬದಲಾವಣೆ ಆಗದೆಯೇ. ಇಂಥ ಹತ್ತು ಮಂದಿ ತಲಾ 30 ಪಂದ್ಯ ಆಡಿದರೆ ಐದಾರು ಪವಾಡದ ರಾತ್ರಿಗಳು ಬಂದೇ ಬರುತ್ತವೆ. ಅದೇ ಆಟಗಾರ ಆರರಲ್ಲಿ ಒಂದನ್ನೂ ಹಾಕದೆ ಹೋಗುವ ಸಾಧ್ಯತೆ 729ರಲ್ಲಿ 64, ಅಂದರೆ ಹನ್ನೊಂದು ಪಂದ್ಯಗಳಿಗೊಂದು. ಪವಾಡವನ್ನು ‘ಅದೃಷ್ಟ’ ಎನ್ನುವವರು ಸೊನ್ನೆಯನ್ನೂ ಅದೃಷ್ಟ ಎನ್ನಬೇಕಲ್ಲವೇ? ಹಾಗನ್ನುವುದಿಲ್ಲ. ಗೆಲುವು ಗಾಳಿಯಿಂದ ಬಂತು, ಸೋಲು ಮಾತ್ರ ಅವನ ಸ್ವಭಾವದಿಂದ ಬಂತು ಎಂಬುದು ಅವರ ಗಣಿತ.

ಹೊಗಳುವವರ ಗಣಿತವೂ ದುಬಾರಿಯೇ. 2005ರಲ್ಲಿ ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಸಿಯಾಟಲ್ ತಂಡದ ಜೆರೋಮ್ ಜೇಮ್ಸ್ ಎಂಬ ಎತ್ತರದ ಆಟಗಾರ ಇಡೀ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ ಐದು ಅಂಕವನ್ನೂ ಮುಟ್ಟಿರಲಿಲ್ಲ. ಪ್ಲೇಆಫ್‌ನ 11 ಪಂದ್ಯಗಳಲ್ಲಿ ಸರಾಸರಿ 12ನ್ನು ದಾಟಿತು. ಆ ಬೇಸಿಗೆಯಲ್ಲೇ ನ್ಯೂಯಾರ್ಕ್ ನಿಕ್ಸ್ ತಂಡ ಐದು ವರ್ಷಕ್ಕೆ 3 ಕೋಟಿ ಡಾಲರ್ ಕೊಟ್ಟು ಅವನನ್ನು ಕರೆತಂದಿತು. ಮುಂದಿನ ಋತುವಿನಲ್ಲಿ ಅವನ ಸರಾಸರಿ ಮೂರರ ಆಸುಪಾಸಿಗೆ ಇಳಿಯಿತು. ಆಮೇಲೆ ನಗೆಪಾಟಲಿಗೆ ಗುರಿಯಾದದ್ದು ಆಟಗಾರ. ಹನ್ನೊಂದು ಪಂದ್ಯ ನೋಡಿ ಐದು ವರ್ಷದ ಚೆಕ್ ಬರೆದವರ ಹೆಸರು ಎಷ್ಟು ಜನರಿಗೆ ನೆನಪಿದೆ?

ಹಾಗಾದರೆ ಒಂದು ಪಂದ್ಯ ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ, ಆದರೆ ಎಲ್ಲ ಪಂದ್ಯಗಳೂ ಒಂದೇ ತೂಕದವಲ್ಲ. ಕೇಳಬೇಕಾದ ಪ್ರಶ್ನೆ ‘ಎಷ್ಟು ಅಂಕ’ ಅಲ್ಲ, ‘ಆ ಅಂಕಗಳ ಹಿಂದೆ ಎಷ್ಟು ನಿರ್ಧಾರಗಳಿವೆ’ ಎಂಬುದು. ಆರು ಎಸೆತಗಳು ಗಾಳಿಯ ಪಾಲಾಗಬಹುದು. ನೂರಾರು ನಿರ್ಧಾರಗಳು ಹಾಗಾಗುವುದಿಲ್ಲ. ಈ ವ್ಯತ್ಯಾಸಕ್ಕೆ ಭಾರತದ ಅತಿ ಸ್ಪಷ್ಟ ಉದಾಹರಣೆ ಇರುವುದು ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಲ್ಲ, ಕ್ರಿಕೆಟ್‌ನಲ್ಲಿ, ಅದೂ ಕರ್ನಾಟಕದ ಬ್ಯಾಟರ್ ಒಬ್ಬನ ಬದುಕಿನಲ್ಲಿ.

ಮುನ್ನೂರರ ನಂತರದ ಸೊನ್ನೆ

2016ರ ನವೆಂಬರ್‌ನಲ್ಲಿ ಮೊಹಾಲಿಯಲ್ಲಿ ಕರುಣ್ ನಾಯರ್ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ 4 ರನ್ನಿಗೆ ರನೌಟ್ ಆದರು. ಮುಂಬೈಯಲ್ಲಿ 13. ಡಿಸೆಂಬರ್‌ನಲ್ಲಿ ಚೆನ್ನೈಗೆ ಬರುವ ಹೊತ್ತಿಗೆ ಅವರು ಗಾಯಾಳು ಅಜಿಂಕ್ಯ ರಹಾನೆಯ ಜಾಗ ತುಂಬುತ್ತಿದ್ದ, ಎರಡು ಇನಿಂಗ್ಸ್‌ಗಳಲ್ಲಿ 17 ರನ್ ಗಳಿಸಿದ್ದ 25ರ ಹುಡುಗ. ಅಲ್ಲಿ 381 ಎಸೆತಗಳಲ್ಲಿ ಔಟಾಗದೆ 303. ಭಾರತದಿಂದ ವೀರೇಂದ್ರ ಸೆಹ್ವಾಗ್ ಬಿಟ್ಟರೆ ಟೆಸ್ಟ್ ತ್ರಿಶತಕ ಹೊಡೆದವರು ಇವರೊಬ್ಬರೇ. ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕವಾಗಿಸಿದವರು ಅದಕ್ಕೂ ಮೊದಲು ಜಗತ್ತಿನಲ್ಲಿ ಇಬ್ಬರೇ: ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್.

381 ಎಸೆತ ಎಂದರೆ ಬಿಡುವುದೋ, ತಡೆಯುವುದೋ, ಹೊಡೆಯುವುದೋ ಎಂದು 381 ಬಾರಿ ಆಯ್ದುಕೊಳ್ಳುವುದು. ಇದನ್ನು ಕಲ್ಲೇಟು ಎನ್ನಲಾಗದು.

ಮುಂದಿನ ಟೆಸ್ಟ್ 2017ರ ಫೆಬ್ರವರಿಯಲ್ಲಿ ಹೈದರಾಬಾದ್‌ನಲ್ಲಿ ಬಾಂಗ್ಲಾದೇಶದ ಎದುರು. ಕರುಣ್ ಹೊರಗೆ, ರಹಾನೆ ಒಳಗೆ. ಇನ್ನೊಬ್ಬನ ಒಂದು ಪಂದ್ಯ ರಹಾನೆಯ ಎರಡು ವರ್ಷದ ದುಡಿಮೆಯನ್ನು ಅಳಿಸಲಾರದು ಎಂಬುದು ನಾಯಕ ವಿರಾಟ್ ಕೊಹ್ಲಿಯ ವಾದವಾಗಿತ್ತು. ಇದು ಹುರುಳಿಲ್ಲದ ವಾದವಲ್ಲ. ರಹಾನೆ ಆ ಪಂದ್ಯದಲ್ಲಿ 82 ರನ್ ಗಳಿಸಿದರು ಕೂಡ. ಇಲ್ಲಿಯವರೆಗೆ ಆಯ್ಕೆಗಾರರನ್ನು ದೂರುವ ಕಾರಣವಿಲ್ಲ: ಅವರು ಒಂದು ದಿನದ ನೆರೆಯನ್ನು ನದಿಯ ನಿತ್ಯದ ಮಟ್ಟ ಎಂದುಕೊಳ್ಳಲಿಲ್ಲ.

ದೂರು ಇರುವುದು ಆಮೇಲಿನದಕ್ಕೆ. ಒಂದು ದೊಡ್ಡ ಇನಿಂಗ್ಸ್ ಸಾಕಾಗುವುದಿಲ್ಲ ಎಂದ ಅದೇ ವ್ಯವಸ್ಥೆಗೆ ನಾಲ್ಕು ಸಣ್ಣ ಇನಿಂಗ್ಸ್‌ಗಳು ಧಾರಾಳವಾಗಿ ಸಾಕಾದವು. ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರಿನಲ್ಲಿ 26 ಮತ್ತು 0, ರಾಂಚಿಯಲ್ಲಿ 23, ಧರ್ಮಶಾಲಾದಲ್ಲಿ 5. ಒಟ್ಟು 54. ಬೆಂಗಳೂರಿನ ಮೊದಲ ಇನಿಂಗ್ಸ್‌ನಲ್ಲಿ ನೇಥನ್ ಲಯನ್ ಎಂಟು ವಿಕೆಟ್ ಕಿತ್ತು ಭಾರತವನ್ನು 189ಕ್ಕೆ ಉರುಳಿಸಿದಾಗ, ಕೆ.ಎಲ್. ರಾಹುಲ್ ಅವರ 90 ಬಿಟ್ಟರೆ ಕರುಣ್ ಅವರ 26ಕ್ಕಿಂತ ಹೆಚ್ಚು ಯಾರೂ ಗಳಿಸಿರಲಿಲ್ಲ ಎಂಬುದು ಷರಾ ಬರೆಯುವಾಗ ಯಾರಿಗೂ ನೆನಪಾಗಲಿಲ್ಲ. 2018ರಲ್ಲಿ ಇಂಗ್ಲೆಂಡ್‌ಗೆ ಕರೆದುಕೊಂಡು ಹೋದರು. ಒಂದು ಟೆಸ್ಟ್‌ಗೂ ಇಳಿಸಲಿಲ್ಲ. ಸರಣಿಯ ನಡುವೆ ತಂಡ ಸೇರಿದ ಹನುಮ ವಿಹಾರಿ ಕೊನೆಯ ಟೆಸ್ಟ್ ಆಡಿದರು. ಅದರ ಬೆನ್ನಿಗೇ ವೆಸ್ಟ್ ಇಂಡೀಸ್ ಸರಣಿಗೆ ಕರುಣ್ ಹೆಸರೇ ಇರಲಿಲ್ಲ. ಎರಡು ಆಯ್ಕೆಗಳ ನಡುವೆ ಅವರು ಆಡಿದ ಟೆಸ್ಟ್ ಎಸೆತ ಸೊನ್ನೆ. ಆಡದೇ ಇದ್ದವನು ಹೇಗೆ ವಿಫಲನಾದ?

ಆರು ಟೆಸ್ಟ್, 374 ರನ್, ಸರಾಸರಿ 62.33. ಈ ಸರಾಸರಿಯೂ ಮೋಸವೇ, 303 ಅದನ್ನು ಎತ್ತಿ ನಿಲ್ಲಿಸಿದೆ. ಆದರೆ ಅದು ಮೋಸ ಎಂದು ಒಪ್ಪುವವರು, ನಾಲ್ಕು ಇನಿಂಗ್ಸ್‌ನ 54 ಕೂಡ ಅಷ್ಟೇ ಮೋಸದ್ದು ಎಂದು ಒಪ್ಪಬೇಕಾಗುತ್ತದೆ.

‘ಕೊನೆಗೆ ನಿಜ ಗೊತ್ತಾಯಿತಲ್ಲ’ ಎನ್ನುವವರಿಗೆ

ಇಲ್ಲಿ ಎದುರು ವಾದಿಗಳ ಬತ್ತಳಿಕೆಯ ಅತಿ ಚೂಪಾದ ಬಾಣ ಬರುತ್ತದೆ. 2022ರ ಕೊನೆಗೆ ಕರುಣ್ ಕರ್ನಾಟಕ ತಂಡದಲ್ಲೂ ಇರಲಿಲ್ಲ. ಕ್ರಿಕೆಟ್ಟಿನ ಬಳಿಯೇ ಇನ್ನೊಂದು ಅವಕಾಶ ಬೇಡಿ ಅವರು ಬರೆದ ಸಾಲು ದೇಶವಿಡೀ ಹರಿದಾಡಿತು. ವಿದರ್ಭಕ್ಕೆ ವಲಸೆ ಹೋದರು. 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಐದು ಶತಕಗಳೊಂದಿಗೆ 779 ರನ್, ಅದೇ ಋತುವಿನ ರಣಜಿಯಲ್ಲಿ 863 ರನ್, ಕೇರಳ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135, ವಿದರ್ಭಕ್ಕೆ ಪ್ರಶಸ್ತಿ. ಎಂಟು ವರ್ಷಗಳ ನಂತರ, 2025ರ ಜೂನ್‌ನಲ್ಲಿ, ಇಂಗ್ಲೆಂಡ್‌ನಲ್ಲಿ ಮತ್ತೆ ಟೆಸ್ಟ್. ಎಂಟು ಇನಿಂಗ್ಸ್, 205 ರನ್, ಒಂದೇ ಅರ್ಧಶತಕ. ಮುಂದಿನ ಸರಣಿಗೆ ಕೈಬಿಟ್ಟರು. ‘ನೋಡಿ, 2017ರ ತೀರ್ಪೇ ಸರಿಯಾಗಿತ್ತು’ ಎಂದು ಹೇಳುವುದು ಸುಲಭ.

ಸುಲಭ, ಆದರೆ ಸರಿಯಲ್ಲ. 33ರ ವ್ಯಕ್ತಿಯನ್ನು ಇಂಗ್ಲೆಂಡ್‌ನಲ್ಲಿ, ಡ್ಯೂಕ್ಸ್ ಚೆಂಡಿನ ಎದುರು, ಮೊದಲು ಆರನೆಯ ಸ್ಥಾನದಲ್ಲಿ, ಆಮೇಲೆ ಮೂರನೆಯ ಸ್ಥಾನದಲ್ಲಿ ನಿಲ್ಲಿಸಿ ನೋಡುವುದು 25ರ ಹುಡುಗನಿಗೆ ಕೊಟ್ಟ ತೀರ್ಪಿನ ಪರೀಕ್ಷೆ ಆಗಲಾರದು. ಬೀಜವನ್ನು ಎಂಟು ವರ್ಷ ಡಬ್ಬಿಯಲ್ಲಿಟ್ಟು, ನಂತರ ನೆಟ್ಟು, ಮೊಳಕೆ ಬರಲಿಲ್ಲವೆಂದರೆ ಬೀಜ ಮೊದಲಿಗೇ ಜೊಳ್ಳಾಗಿತ್ತು ಎಂದಾಗುವುದಿಲ್ಲ. ಇಲ್ಲಿ ವಾದ ಕರುಣ್ ಮಹಾನ್ ಬ್ಯಾಟರ್ ಆಗಿಬಿಡುತ್ತಿದ್ದರು ಎಂದಲ್ಲ. ಆಗುತ್ತಿರಲಿಲ್ಲವೋ ಏನೋ. ಆದರೆ ತಿಳಿದುಕೊಳ್ಳಲು ಇದ್ದ ಒಂದೇ ದಾರಿಯನ್ನು ಮುಚ್ಚಿದವರೇ ಈಗ ತಿಳಿದವರಂತೆ ಮಾತನಾಡುವುದನ್ನು ಒಪ್ಪಬೇಕಿಲ್ಲ.

‘ತಂಡದಲ್ಲಿ ಇರುವುದು ಹನ್ನೊಂದೇ ಜಾಗ’ ಎಂಬುದು ಮತ್ತೊಂದು ಆಕ್ಷೇಪ. ನಿಜ. ಎಲ್ಲರಿಗೂ ಅವಕಾಶ ಕೊಡಲಾಗದು. ಹಾಗಿದ್ದರೆ ಹೇಳಬೇಕಾದ ಮಾತು ‘ಜಾಗವಿಲ್ಲ’ ಎಂದು. ‘ಯೋಗ್ಯತೆಯಿಲ್ಲ’ ಎಂದಲ್ಲ. ಮೊದಲನೆಯದು ತಂಡದ ಕಷ್ಟ, ಎರಡನೆಯದು ವ್ಯಕ್ತಿಯ ಮೇಲೆ ಹೊರಿಸಿದ ಕಳಂಕ. ಸಂಪನ್ಮೂಲದ ಕೊರತೆಯನ್ನು ಪ್ರತಿಭೆಯ ಕೊರತೆ ಎಂದು ಹೆಸರಿಡುವ ಚಾಳಿ ಕ್ರೀಡೆಯಲ್ಲಿ ಮಾತ್ರವಲ್ಲ, ಪರೀಕ್ಷೆ, ಸಂದರ್ಶನ, ಬಡ್ತಿಗಳ ಲೋಕದಲ್ಲೂ ಇದೆ. ಅದಕ್ಕೇ ಓದುಗರಿಗೆ ಈ ಕತೆ ಅಷ್ಟೊಂದು ಪರಿಚಿತ ಎನಿಸುವುದು.

ಅಂಗಳ ಇದ್ದ ಕಡೆ

ಜಾಗವೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಭಾರತದ ಬ್ಯಾಸ್ಕೆಟ್‌ಬಾಲ್ ಸಾಕ್ಷಿ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಎರಡು ಅಂಕದ ಅಂತರ, ಎ ವಿಭಾಗಕ್ಕೆ ಬಡ್ತಿ, ‘ಹೊಸ ಯುಗ’ ಎಂಬ ಸಂಭ್ರಮ. 2019ರಲ್ಲಿ ಅದೇ ಬೆಂಗಳೂರಿನಲ್ಲಿ ಎ ವಿಭಾಗದ ಟೂರ್ನಿ ನಡೆದಾಗ ಭಾರತ ಒಂದೂ ಪಂದ್ಯ ಗೆಲ್ಲಲಿಲ್ಲ. ಈ ನಡುವೆ ಆ ಹುಡುಗಿಯರಿಗೆ ವಾರವಾರ ಕಠಿಣ ಪಂದ್ಯ ಕೊಡುವ ವೃತ್ತಿಪರ ಮಹಿಳಾ ಲೀಗ್ ದೇಶದಲ್ಲಿ ಇರಲಿಲ್ಲ. ಜಪಾನ್, ಕೊರಿಯಾಗಳಲ್ಲಿ ಅದು ದಶಕಗಳಿಂದ ಇದೆ. 2017ನ್ನು ಅದೃಷ್ಟ, 2019ನ್ನು ಅಯೋಗ್ಯತೆ ಎನ್ನುವವರು ಈ ಒಂದು ವ್ಯತ್ಯಾಸವನ್ನು ನೋಡದೆ ದಾಟಿಬಿಡುತ್ತಾರೆ.

ಇದಕ್ಕೆ ಪ್ರತಿಯಾಗಿ ಕಾಶಿಯತ್ತಲೇ ನೋಡಬೇಕು. ಕೇದಾರ ಘಾಟ್‌ನ ಊರು ಬ್ಯಾಸ್ಕೆಟ್‌ಬಾಲ್‌ನ ಊರೂ ಹೌದು. ‘ಸಿಂಗ್ ಸಹೋದರಿಯರು’ ಎಂದೇ ಹೆಸರಾದ ಐವರು ಅಕ್ಕತಂಗಿಯರು ಅಲ್ಲಿನವರು. ಅವರಲ್ಲಿ ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ ನಾಲ್ವರೂ ಭಾರತದ ಪರ ಆಡಿದರು. ಪ್ರಶಾಂತಿಗೆ 2017ರಲ್ಲಿ ಅರ್ಜುನ, 2019ರಲ್ಲಿ ಪದ್ಮಶ್ರೀ. ಆಕೆ 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕೂಟದಲ್ಲಿ ಆಡಿದ್ದರು, 2014ರ ಇಂಚಿಯಾನ್ ಏಷ್ಯನ್ ಕೂಟದಲ್ಲೂ ಆಡಿದರು. ಎಂಟು ವರ್ಷ ಎಂಬುದನ್ನು ಗಮನಿಸಬೇಕು: ಕರುಣ್ ಕಾದು ಕುಳಿತಷ್ಟೇ ಕಾಲ. ಒಬ್ಬರಿಗೆ ಆ ಕಾಲ ಆಡಲು ಸಿಕ್ಕಿತು, ಇನ್ನೊಬ್ಬರಿಗೆ ಕಾಯಲು. ಒಂದೇ ಮನೆಯಿಂದ ನಾಲ್ವರು ಬಂದದ್ದನ್ನು ರಕ್ತದ ಗುಣ ಎನ್ನುವವರಿದ್ದಾರೆ. ಅಕ್ಕ ಹೋದ ಅಂಗಳಕ್ಕೆ ತಂಗಿಯೂ ದಿನವೂ ಹೋಗಲು ಆಯಿತು ಎಂಬುದು ಅದಕ್ಕಿಂತ ಹತ್ತಿರದ ಕಾರಣ.

ಕೇಳಬೇಕಾದ ಮೂರು

ಆದ್ದರಿಂದ ಯಾವುದೇ ಹುಡುಗ ಅಥವಾ ಹುಡುಗಿ ಒಂದು ರಾತ್ರಿ ಬೆರಗು ಹುಟ್ಟಿಸಿದಾಗ ಆಯ್ಕೆಗಾರರಿಂದ, ತರಬೇತುದಾರರಿಂದ ಮೂರು ವಿಷಯಗಳನ್ನು ಕೇಳಬೇಕು. ಒಂದು, ಈ ಆಟದ ಹಿಂದೆ ಇರುವುದು ಆರು ಎಸೆತಗಳೋ, 381 ನಿರ್ಧಾರಗಳೋ ಎಂಬ ಲೆಕ್ಕ. ಎರಡು, ಇನ್ನು ಮುಂದೆ ಎಷ್ಟು ಪಂದ್ಯ ಕೊಡುತ್ತೀರಿ ಎಂಬ ಮಾತು, ಸೋತ ಮೇಲಲ್ಲ, ಆಡುವ ಮೊದಲೇ. ಮೂರು, ಕೈಬಿಡುವಾಗ ಜಾಗವಿಲ್ಲದ್ದಕ್ಕೋ ಆಟ ಸಾಲದ್ದಕ್ಕೋ ಎಂಬ ನೇರ ಉತ್ತರ. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಿಲ್ಲ.

ನೋಡುಗರ ಪಾಲೂ ಇದೆ. ರಾತ್ರಿಯ ಆಟ ಮುಗಿದ ಕೂಡಲೇ ‘ಇವನು ಯಾರು’ ಎಂದು ನಿರ್ಧರಿಸುವ ಹಠವನ್ನು ಬಿಟ್ಟುಕೊಡಬೇಕು. 22ರ ಪ್ರಾಯದಲ್ಲಿ ಯಾರೂ ಇನ್ನೂ ಯಾರೂ ಆಗಿರುವುದಿಲ್ಲ. ಅವನಿಗೆ ಅಷ್ಟು ಎತ್ತರ ಸಾಧ್ಯ ಎಂಬುದು ಗೊತ್ತಾಯಿತು, ಅಷ್ಟೇ. ಉಳಿದದ್ದು ಗೊತ್ತಾಗಬೇಕಾದರೆ ಅವನು ಆಡಬೇಕು. ಆಡಲು ಅಂಗಳ ಬೇಕು, ದಿನಗಳು ಬೇಕು, ಕೆಟ್ಟ ದಿನಗಳೂ ಬೇಕು.