ಪುಡಿಗೆ ಅಂಟಿದ ಆಮ್ಲಜನಕ

ಮಕ್ಕಳೇ, ಹಳೆಯ ಬಲ್ಬಿನೊಳಗಿನ ಸಣ್ಣ ತಂತಿಯನ್ನು ನೋಡಿದ್ದೀರಾ? ಅದು ಟಂಗ್‌ಸ್ಟನ್. ಕಬ್ಬಿಣ 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಟಂಗ್‌ಸ್ಟನ್ ಕರಗಲು 3422 ಡಿಗ್ರಿ ಬೇಕು! ಎರಕ ಹೊಯ್ಯೋಣವೆಂದರೆ ಅಷ್ಟು ಶಾಖ ತಾಳುವ ಪಾತ್ರೆ ಸಿಗುವುದೇ ಕಷ್ಟ. ಆದ್ದರಿಂದ ಈಗ ಇಂಥ ಲೋಹಗಳ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದಲ್ಲಿ ಮಾತ್ರ ಲೇಸರ್‌ನಿಂದ ಕರಗಿಸಿ, ಪದರದ ಮೇಲೆ ಪದರ ಕಟ್ಟುತ್ತಾರೆ. ಇದೇ 3ಡಿ ಮುದ್ರಣ.

ಎಲ್ಲರೂ ಲೇಸರನ್ನೇ ಹೊಗಳುತ್ತಾರೆ. ನನ್ನನ್ನು ಕೇಳಿದರೆ, ಮೊದಲು ಗಮನ ಕೊಡಬೇಕಾದದ್ದು ಪುಡಿಗೆ. ಏಕೆ? ನೀವೇ ಲೆಕ್ಕ ಹಾಕಿ. 1 ಸೆಂ.ಮೀ. ಬದಿಯ ಘನದ ಹೊರಮೈ 6 ಚದರ ಸೆಂ.ಮೀ. ಅದನ್ನೇ 1 ಮಿ.ಮೀ. ಬದಿಯ 1000 ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 60 ಚದರ ಸೆಂ.ಮೀ.! ಮುದ್ರಣದ ಪುಡಿಯಂತೂ ಇನ್ನೂ ನುಣುಪು. ಗಾಳಿಯ ಆಮ್ಲಜನಕ ಅಂಟಿಕೊಳ್ಳಲು ಎಷ್ಟು ಜಾಗ!

ಕರಗಿದ ಲೋಹ ಗಟ್ಟಿಯಾಗುವಾಗ ಅದರೊಳಗೆ ಸಣ್ಣ ಸಣ್ಣ ಹರಳುಗಳಾಗುತ್ತವೆ. ಟಂಗ್‌ಸ್ಟನ್, ಮಾಲಿಬ್ಡಿನಂಗಳಲ್ಲಿ ಆಮ್ಲಜನಕ ಈ ಹರಳುಗಳ ಸಂದಿಗೆ ಸೇರಿ ಬಿರುಕು ಬಿಡಿಸುತ್ತದೆ. ಇಟ್ಟಿಗೆ ಗಟ್ಟಿ, ಗಾರೆ ಸಡಿಲ ಎಂದಂತೆ. ರಾಕೆಟ್ಟಿನ ಬಿಸಿ ಭಾಗದಲ್ಲಿ ಹೀಗಾದರೆ?

ಯಂತ್ರದೊಳಗೆ ಆರ್ಗಾನ್ ಅನಿಲ ತುಂಬುತ್ತಾರೆ, ನಿಜ. ಅದು ಹೊರಗಿನ ಗಾಳಿಯನ್ನು ತಡೆಯುತ್ತದೆಯೇ ಹೊರತು ಪುಡಿಗೆ ಮೊದಲೇ ಅಂಟಿದ್ದನ್ನು ಬಿಡಿಸದು. ಟಂಗ್‌ಸ್ಟನ್ ಪುಡಿಯನ್ನು ಜಲಜನಕದಲ್ಲಿ ಕಾಯಿಸಿದರೆ ಆಮ್ಲಜನಕ ನೀರಾವಿಯಾಗಿ ಹೊರಟುಹೋಗುತ್ತದೆ. ಮಾಲಿಬ್ಡಿನಂಗೆ ತುಸು ಇಂಗಾಲ ಬೆರೆಸುವುದೂ ಉಂಟು. ನಯೋಬಿಯಂ, ಟ್ಯಾಂಟಲಂಗಳಿಗೆ ಜಲಜನಕದ ಉಪಾಯ ಒಗ್ಗದು, ಅವು ಜಲಜನಕವನ್ನೇ ಹೀರಿಕೊಳ್ಳುತ್ತವೆ! ಆ ಪುಡಿಗಳನ್ನು ತಯಾರಾದ ದಿನದಿಂದಲೇ ಗಾಳಿ ಸೋಕದಂತೆ ಮುಚ್ಚಿಡಬೇಕು. ಹೊಸ ಲೇಸರ್ ಕೊಳ್ಳುವ ಹಣದಲ್ಲಿ ಒಂದು ಪಾಲು ಇದಕ್ಕೂ ಇರಲಿ.